ಗ್ರಂಥಾಲಯದ ಕಾರ್ಡು ನಿಮ್ಮ ಜೇಬಿನಲ್ಲಿದೆ: ಊರ್ಡಿಗೆರೆ ಹೋಬಳಿಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಊರ್ಡಿಗೆರೆ ಹೋಬಳಿಯ ಹಳ್ಳಿಗಳಿಂದ ತುಮಕೂರು ವಿಶ್ವವಿದ್ಯಾನಿಲಯಕ್ಕೆ ಓದಲು ಹೋಗುತ್ತಿರುವ ಎಲ್ಲ ವಿದ್ಯಾರ್ಥಿ, ವಿದ್ಯಾರ್ಥಿನಿಯರಿಗೆ,



1960–61ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಕ್ಷಯರೋಗದ ಸಮೀಕ್ಷೆ ಬಂದಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಆಯ್ದ ಊರುಗಳಲ್ಲಿ ಮನೆಮನೆಯ ತಲೆ ಎಣಿಸಿದರು, ತೋಳಿಗೆ ಚುಚ್ಚಿ ಚರ್ಮದ ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆದರು, ಕಫ ಪಡೆದು ಬೆಂಗಳೂರಿನ ಪ್ರಯೋಗಾಲಯದಲ್ಲಿ ನೋಡಿದರು. ಅದರ ಬೆನ್ನಿಗೇ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ರೋಗ ಪತ್ತೆಯಾದವರನ್ನೂ ರೋಗವಿಲ್ಲದವರನ್ನೂ ಮನೆಗೇ ಹೋಗಿ ಮಾತಾಡಿಸಿದರು. ಮೈಗೆ ಏನಾಗಿದೆ, ಯಾವಾಗಿನಿಂದ ಆಗಿದೆ, ಅದರ ಚಿಂತೆ ಇದೆಯೆ, ಎಲ್ಲಿಗಾದರೂ ತೋರಿಸಿದಿರಾ ಎಂದು ಕೇಳಿ ಬರೆದುಕೊಂಡರು.

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ರೋಗ ಮುಚ್ಚಿಟ್ಟುಕೊಂಡು ಕೂರುತ್ತಾರೆ, ಅವರನ್ನು ಎಕ್ಸ್‌ರೇ ವ್ಯಾನು ತೆಗೆದುಕೊಂಡು ಹೋಗಿಯೇ ಹುಡುಕಬೇಕು ಎನ್ನುವುದು ಆಗಿನ ನಂಬಿಕೆ. ತುಮಕೂರು ಜಿಲ್ಲೆಯ ಜನ ಕೊಟ್ಟ ಉತ್ತರ ಅದನ್ನು ಬುಡಮೇಲು ಮಾಡಿತು. ಕಫದಲ್ಲಿ ರೋಗಾಣು ಸಿಕ್ಕವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿನ ತೊಂದರೆಯ ಅರಿವಿತ್ತು. ಹೆಚ್ಚಿನವರಿಗೆ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅವರ ಕಾಯಿಲೆಯನ್ನು ಗುರುತಿಸುವ ವ್ಯವಸ್ಥೆ ಅಲ್ಲಿ ಇರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸು ಬಂದಿದ್ದರು.

ಈ ಒಂದು ಸಂಗತಿಯ ಮೇಲೆ ದೇಶದ ಕಾರ್ಯಕ್ರಮ ನಿಂತಿತು. ಜನ ತಾವಾಗಿಯೇ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಇರಲಿ, ಔಷಧಿಯೂ ಅಲ್ಲೇ ಸಿಗಲಿ ಎಂಬ ತತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಇವತ್ತು ಎರಡು ವಾರ ಮೀರಿದ ಕೆಮ್ಮು ಎಂದರೆ ಆಶಾ ಕಾರ್ಯಕರ್ತೆ ಕಫದ ಡಬ್ಬಿ ಕೈಗೆ ಕೊಡುತ್ತಾರಲ್ಲ, ಅದು ಬಂದದ್ದು ಈ ದಾರಿಯಲ್ಲೇ. ದಾರಿ ತೋರಿಸಿದವರಲ್ಲಿ ನಮ್ಮ ಜಿಲ್ಲೆಯ ಹೆಸರಿಲ್ಲದ ರೋಗಿಗಳೂ ಇದ್ದಾರೆ. ಅವರ ಕಫ, ಅವರ ಮಾತು, ಅವರು ಬಾಗಿಲಲ್ಲಿ ನಿಂತು ಕೊಟ್ಟ ಸಮಯ ಸೇರಿ ಆ ವಿದ್ಯೆ ಆಯಿತು.

ನಮ್ಮ ಹೋಬಳಿಯಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನಿಮ್ಮ ತರಗತಿಯಲ್ಲಿ ಎಷ್ಟು ಮಂದಿಗೆ ಗೊತ್ತು? ಈ ಪತ್ರ ಬರೆಯಲು ಕಾರಣ ಅದೇ.

ಆ ಎರಡೂ ಅಧ್ಯಯನಗಳು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನ 29ನೇ ಸಂಪುಟದಲ್ಲಿ ಒಂದರ ಹಿಂದೆ ಒಂದು ಅಚ್ಚಾದವು. ಇವತ್ತು ಅವು ಪಬ್‌ಮೆಡ್ ಸೆಂಟ್ರಲ್ ಎಂಬ ತೆರೆದ ಸಂಗ್ರಹದಲ್ಲಿ ಬಿಡಿಗಾಸಿಲ್ಲದೆ ಸಿಗುತ್ತವೆ. ಆದರೆ ಸುಮ್ಮನೆ ತುಮಕೂರು ಎಂದು ಹೊಡೆದು ಹುಡುಕಿದರೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮೊದಲನೆಯದರ ಶೀರ್ಷಿಕೆಯಲ್ಲಿ ಇರುವುದು ‘ದಕ್ಷಿಣ ಭಾರತದ ಒಂದು ಜಿಲ್ಲೆ’ ಎಂದಷ್ಟೆ. ಎರಡನೆಯದರ ಶೀರ್ಷಿಕೆಯಲ್ಲಿ ಊರಿನ ಸುಳಿವೇ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಆ ಕಾಡಿನ ಹೆಸರೇ ಕಾಯಿಲೆಗೆ ನಿಂತು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು. ನಮ್ಮ ಜಿಲ್ಲೆಗೆ ಶೀರ್ಷಿಕೆಯಲ್ಲೂ ಜಾಗ ಸಿಗಲಿಲ್ಲ. ಹಾಗಾಗಿ ಹುಡುಕುವುದನ್ನು ಕಲಿಯದೆ ನಮ್ಮದನ್ನು ನಾವು ಪಡೆಯಲಾರೆವು. ಆ ಕಲಿಕೆಗೆ ತಕ್ಕ ಜಾಗ ವಿಶ್ವವಿದ್ಯಾನಿಲಯದ ಗ್ರಂಥಾಲಯ.

ಗ್ರಂಥಾಲಯ ಅಂದರೆ ಪರೀಕ್ಷೆ ಹತ್ತಿರ ಬಂದಾಗ ಕೂತು ಓದುವ ಹಾಲ್, ಹಳೆಯ ಪ್ರಶ್ನೆಪತ್ರಿಕೆ ಸಿಗುವ ತಾಣ ಎಂದಷ್ಟೇ ಅಂದುಕೊಂಡವರು ನಿಮ್ಮಲ್ಲಿ ಬಹಳ. ಆದರೆ ಅಲ್ಲಿ ಅದಕ್ಕಿಂತ ದೊಡ್ಡ ಬಾಗಿಲೊಂದು ನಿಮಗಾಗಿ ತೆರೆದಿದೆ. ಕೇಂದ್ರ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು 6,300ರಷ್ಟು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದಿಡುವ ಯೋಜನೆ ಇದು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ರಾಜ್ಯ ಸರ್ಕಾರದ ವಿಶ್ವವಿದ್ಯಾನಿಲಯಗಳೂ ಇದರ ವ್ಯಾಪ್ತಿಯಲ್ಲಿವೆ. ಒಂದು ಲೇಖನ ಓದಲು ಹೊರಗಿನವರಿಂದ ಸಾವಿರಾರು ರೂಪಾಯಿ ಕೇಳುವ ಪತ್ರಿಕೆಗಳು ಕ್ಯಾಂಪಸ್ಸಿನ ಜಾಲದಿಂದ ನಿಮಗೆ ತೆರೆದುಕೊಳ್ಳುತ್ತವೆ. ನಮ್ಮ ಪಿಎಚ್‌ಸಿಯ ವೈದ್ಯಾಧಿಕಾರಿಗೆ ಆ ಸೌಲಭ್ಯ ಕೈಗೆ ಎಟುಕುವುದಿಲ್ಲ, ಪಿಡಿಓಗೂ ಇಲ್ಲ, ನನಗಂತೂ ಇಲ್ಲ. ಇಡೀ ಹೋಬಳಿಯಲ್ಲಿ ಈ ಕೀಲಿಕೈ ಇರುವುದು ನಿಮ್ಮ ಹತ್ತಿರ. ಲಾಗಿನ್ ಹೇಗೆ, ಮನೆಯಿಂದ ನೋಡಲು ಬರುತ್ತದೆಯೆ ಎಂಬುದನ್ನು ನಾಳೆಯೇ ಗ್ರಂಥಪಾಲಕರ ಹತ್ತಿರ ಕೇಳಿ.

ಕೇಳುವಾಗ ಪ್ರಶ್ನೆ ಕಟ್ಟಿಕೊಂಡು ಹೋಗಿ. ‘ಸರ್, ಆರೋಗ್ಯದ ಬಗ್ಗೆ ಏನಾದರೂ ಕೊಡಿ’ ಎಂದರೆ ಅವರು ಯಾವ ಕಪಾಟು ತೋರಿಸಬೇಕು? ‘ತುಮಕೂರು ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ 2000ದ ಈಚೆಗೆ ಬಂದ ಲೇಖನ ಬೇಕು’ ಎನ್ನಿ. ಯಾವ ಕಾಯಿಲೆ, ಯಾವ ಜನ, ಯಾವ ಜಾಗ, ಯಾವ ಕಾಲ ಎಂಬ ನಾಲ್ಕು ಸಂಗತಿ ನಿಮ್ಮ ಬಾಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಜಾಗದ ಹೆಸರಿನಲ್ಲಿ ಎಚ್ಚರ ಬೇಕು. ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನದೆಲ್ಲ ‘ತುಮ್‌ಕೂರ್’ ಎಂಬ ಹಳೆಯ ಕಾಗುಣಿತದಲ್ಲೇ ಇದೆ, ಆಮೇಲೆ ಬರೆದವರಲ್ಲೂ ಹಲವರು ಹಳೆಯದನ್ನೇ ಬಿಟ್ಟಿಲ್ಲ. ಎರಡನ್ನೂ ಹಾಕಿ. ಅಲ್ಲೂ ಸಿಗದಿದ್ದರೆ ‘ದಕ್ಷಿಣ ಭಾರತ’, ‘ಮೈಸೂರು ರಾಜ್ಯ’, ‘ಕರ್ನಾಟಕದ ಗ್ರಾಮೀಣ ಪ್ರದೇಶ’ ಎಂದು ಹುಡುಕಿ. ಒಳ್ಳೆಯ ಲೇಖನ ಒಂದು ಕೈಗೆ ಸಿಕ್ಕಿದ ಮೇಲೆ ಅದರ ಕೊನೆಯ ಗ್ರಂಥಋಣದ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು. ಅದನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಿ ಮುಂದಕ್ಕೂ ಬರಬಹುದು. 1963ರ ಆ ಎರಡು ಲೇಖನಗಳನ್ನು ಸುಲಭವಾಗಿ ಹಿಡಿಯುವ ದಾರಿಯೂ ಅದೇ.

ಶೀರ್ಷಿಕೆಯಲ್ಲೇ ತುಮಕೂರು ಇರುವ ಅಧ್ಯಯನಗಳೂ ಇವೆ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಎನ್.ಎಸ್. ಪ್ರಶಾಂತ್ ಮತ್ತು ಸಂಗಡಿಗರು ನಮ್ಮ ಜಿಲ್ಲೆಯ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಟ್ಟ ತರಬೇತಿ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೊಡಲಿಲ್ಲ, ಯಾಕೆ ಎಂದು ವಿವರವಾಗಿ ನೋಡಿ 2014ರಲ್ಲಿ ಪ್ರಕಟಿಸಿದ್ದಾರೆ. ಅದೂ ತೆರೆದೇ ಇದೆ. ತಾಲ್ಲೂಕು ಕಚೇರಿಯ ಹೊರಗೆ ನಿಂತು ನಾವು ಆಡಿಕೊಳ್ಳುವ ಮಾತಿನ ಒಳಗಡೆಯ ಕಾರಣಗಳು ಅಲ್ಲಿವೆ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ನೋಡಿ. ವೈದ್ಯಕೀಯ ಸ್ನಾತಕೋತ್ತರ ಪ್ರಬಂಧಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಸಂಗ್ರಹ ನೋಡಿ. ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿಗಳು ಮೂರು ವರ್ಷ ಕೂತು ಒಂದೊಂದು ಊರಿನ ರಕ್ತಹೀನತೆ, ರಕ್ತದೊತ್ತಡ, ಹೆರಿಗೆಯ ಬಗ್ಗೆ ಬರೆದದ್ದು ಪತ್ರಿಕೆಗಳಲ್ಲಿ ಅಚ್ಚಾಗದೆ ಅಲ್ಲೇ ಉಳಿದುಬಿಟ್ಟಿರುತ್ತದೆ.

ಇನ್ನು ಅಂಕಿಅಂಶ. ನಮ್ಮ ಹಳ್ಳಿಯ ಮಟ್ಟಕ್ಕೆ ಇಳಿಯುವ ದಾಖಲೆ ಇದೆಯೆ ಎಂದರೆ ಇದೆ. 2011ರ ಜನಗಣತಿಯ ತುಮಕೂರು ಜಿಲ್ಲಾ ಕೈಪಿಡಿ ತೆರೆದು ನೋಡಿ. ಅದರ ಗ್ರಾಮ ನಿರ್ದೇಶಿಕೆಯಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು. ಆ ಸಾಲಿನಲ್ಲಿ ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಮೂಲ, ಚರಂಡಿ, ಬಸ್ಸು, ಅಂಚೆ ಎಲ್ಲವೂ ಪುಟ್ಟ ಪುಟ್ಟ ಖಾನೆಗಳಲ್ಲಿವೆ. ಸೌಲಭ್ಯ ಊರಲ್ಲೇ ಇದ್ದರೆ ಅದರ ಸಂಖ್ಯೆ, ಇಲ್ಲದಿದ್ದರೆ ದೂರ ಸೂಚಿಸುವ ಅಕ್ಷರ: ‘ಎ’ ಎಂದರೆ ಐದು ಕಿಲೋಮೀಟರ್ ಒಳಗೆ, ‘ಬಿ’ ಎಂದರೆ ಐದರಿಂದ ಹತ್ತು, ‘ಸಿ’ ಎಂದರೆ ಹತ್ತಕ್ಕೂ ಆಚೆ. ನಿಮ್ಮ ಊರಿನ ಸಾಲನ್ನು ಬೆರಳಿಟ್ಟು ಓದಿ. ಹೆರಿಗೆ ಸೌಲಭ್ಯದ ಖಾನೆಯಲ್ಲಿ ‘ಸಿ’ ಇದ್ದರೆ, ಆ ಒಂದು ಅಕ್ಷರದ ಹಿಂದೆ ರಾತ್ರಿ ಹೊತ್ತು ಆಟೋ ಹುಡುಕಿದ ಮನೆಗಳೆಷ್ಟು ಎಂದು ನಿಮ್ಮ ಅಜ್ಜಿಯನ್ನು ಕೇಳಿ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋದದ್ದರಿಂದ ಈ ಪುಸ್ತಕದ ಅಂಕಿ ಹಳತಾಗಿದೆ. ಹಳತಾದರೂ ಇಂದಿನ ಸ್ಥಿತಿಯನ್ನು ಪಕ್ಕದಲ್ಲಿ ಬರೆದು ಹೋಲಿಸಲು ಇದಕ್ಕಿಂತ ಗಟ್ಟಿಯಾದ ಆಧಾರ ಇಲ್ಲ. ಇನ್ನೂ ಹಿಂದಕ್ಕೆ ಹೋಗುವವರಿಗೆ 1969ರ ತುಮಕೂರು ಜಿಲ್ಲಾ ಗೆಜೆಟಿಯರ್ ಇದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಸರನ್ನು ನೀವು ಕೇಳಿರುತ್ತೀರಿ. 2015–16ರ ನಾಲ್ಕನೇ ಸುತ್ತಿನಿಂದ ಪ್ರತಿ ಜಿಲ್ಲೆಗೂ ಅದರ ಪ್ರತ್ಯೇಕ ವರದಿ ಬರುತ್ತಿದೆ. 2019–21ರ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಹಿಂದಿನ ಸುತ್ತಿನಲ್ಲಿ ಇವು 44.8 ಮತ್ತು 60.9 ಇದ್ದವು. ಕಬ್ಬಿಣಾಂಶದ ಮಾತ್ರೆ ಹಂಚುತ್ತಲೇ ಇದ್ದರೂ ಸಂಖ್ಯೆ ಏರಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗ್ರಾಮಸಭೆಯೊಂದರಲ್ಲಿ ಒಬ್ಬ ತಾಯಿ ಎದ್ದು ನಿಂತು, ‘ನನ್ನ ಮಗಳಿಗೆ ಸ್ಕೂಲಲ್ಲಿ ವಾರ ವಾರ ಮಾತ್ರೆ ಕೊಡ್ತಾರೆ, ಆದ್ರೂ ಪ್ರತಿ ಸಲ ರಕ್ತ ಕಮ್ಮಿ ಅಂತಾರಲ್ಲ, ಯಾಕೆ?’ ಎಂದು ಕೇಳಿದರು. ಸಭೆಯಲ್ಲಿದ್ದ ಯಾರ ಹತ್ತಿರವೂ ಉತ್ತರವಿರಲಿಲ್ಲ. ‘ಸೊಪ್ಪು ತಿನ್ನಿಸಮ್ಮ’ ಎಂದು ಕೂರಿಸಿದರು. ಆ ತಾಯಿಯ ಪ್ರಶ್ನೆಗೆ ಸಂಶೋಧನೆಯಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಮೊದಲನೆಯದು ಅಳೆಯುವ ಕ್ರಮ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳ ತುದಿ ಚುಚ್ಚಿ ಬಂದ ಹನಿ ರಕ್ತವನ್ನು ಪುಟ್ಟ ಯಂತ್ರದಲ್ಲಿ ನೋಡುತ್ತಾರೆ. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ನೋಡಿದರು. ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಆಗ ಸಿಕ್ಕ ರಕ್ತಹೀನತೆ ಶೇ 41. ಅದಕ್ಕೆ ಕೆಲವೇ ವರ್ಷ ಮುಂಚೆ ಬೆರಳ ರಕ್ತದಿಂದ ಸಿಕ್ಕದ್ದು ಶೇ 58ರ ಮೇಲೆ. ವಯಸ್ಸಿನ ಗುಂಪಿನಲ್ಲಿ ತುಸು ವ್ಯತ್ಯಾಸವಿದೆ ಎಂದಿಟ್ಟುಕೊಂಡರೂ ಇದು ಸಣ್ಣ ಅಂತರವಲ್ಲ. ಎರಡನೆಯದು ಊಟ. ನಮ್ಮದು ರಾಗಿಯ ನಾಡು. ರಾಗಿಯಲ್ಲಿರುವ ಫೈಟೇಟ್ ಮತ್ತು ಪಾಲಿಫಿನಾಲ್ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತವೆ. ಊಟದ ಜೊತೆಗೋ ಮುಗಿದ ಕೂಡಲೇ ಕುಡಿಯುವ ಟೀ ಕಾಫಿಯೂ ಅದನ್ನೇ ಮಾಡುತ್ತದೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಈ ಅಡ್ಡಿ ಕಡಿಮೆಯಾಗುತ್ತದೆ, ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮುದ್ದೆ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಮೂರನೆಯದು ಕಬ್ಬಿಣದ ಕೊರತೆಯೊಂದರಿಂದಲೇ ಎಲ್ಲ ರಕ್ತಹೀನತೆ ಬರುವುದಿಲ್ಲ ಎಂಬುದು: ಬಿ12, ಫೋಲೇಟ್ ಕೊರತೆ, ಜಂತುಹುಳು, ಮೇಲಿಂದ ಮೇಲೆ ಬರುವ ಸೋಂಕು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಈ ಮೂರನ್ನೂ ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಆ ಸಭೆಯಲ್ಲಿ ಇದ್ದಿದ್ದರೆ ಆ ತಾಯಿ ಬರಿಗೈಲಿ ಕೂರುತ್ತಿರಲಿಲ್ಲ. ಆ ವಿದ್ಯೆ ಹತ್ತಿಪ್ಪತ್ತು ಕಿಲೋಮೀಟರ್ ಆಚೆ, ನಿಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇತ್ತು.

ಅಂಕಿ ಸಿಕ್ಕಿತೆಂದು ಅವಸರ ಮಾಡಬೇಡಿ. ಜಿಲ್ಲೆಯ ಶೇಕಡಾವಾರು ತಂದು ಇದೇ ನಮ್ಮ ಹೋಬಳಿಯ ಲೆಕ್ಕ ಎನ್ನುವ ಹಾಗಿಲ್ಲ. ಐದನೇ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳಿಂದ ಸುಮಾರು 6.37 ಲಕ್ಷ ಮನೆಗಳನ್ನು ನೋಡಿದರು, ಜಿಲ್ಲೆಗೆ ಸರಾಸರಿ 900 ಮನೆ. ಅಷ್ಟು ಮನೆಗಳಿಂದ ಜಿಲ್ಲೆಯ ಚಿತ್ರ ಬರುತ್ತದೆ, ಊರ್ಡಿಗೆರೆಯ ಚಿತ್ರ ಬರುವುದಿಲ್ಲ. ಆಸ್ಪತ್ರೆಗಳು ತಿಂಗಳು ತಿಂಗಳು ಕಳಿಸುವ ಎಚ್‌ಎಂಐಎಸ್ ಲೆಕ್ಕದಲ್ಲಿ ಆಸ್ಪತ್ರೆಗೆ ಬಂದವರಷ್ಟೇ ಇರುತ್ತಾರೆ. ಲೇಖನದ ಸಾರಾಂಶ ಓದಿ ನಿಲ್ಲಿಸಬೇಡಿ, ಯಾರನ್ನು ಆಯ್ದರು, ಎಷ್ಟು ಜನ, ಹೇಗೆ ಅಳೆದರು ಎಂಬ ಭಾಗಕ್ಕೆ ಹೋಗಿ. ದುಡ್ಡು ಕೊಟ್ಟರೆ ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಅನುಮಾನ ಬಂದರೆ ಗ್ರಂಥಪಾಲಕರಿಗೆ ತೋರಿಸಿ, ಅದು ಅವರ ವಿದ್ಯೆ. ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಯಾವ ಮನೆಯಲ್ಲಿ ಟಿಬಿ, ಯಾವ ಹುಡುಗಿಗೆ ರಕ್ತ ಕಡಿಮೆ ಎಂಬ ಹೆಸರುಗಳು ನಿಮ್ಮ ಕಿವಿಗೆ ಬಿದ್ದರೂ ಹಾಳೆಗೆ ಬರಕೂಡದು, ಬಾಯಿಗೂ ಬರಕೂಡದು.

ಮೊದಲು ಯಾವುದನ್ನು ಹಿಡಿಯಬೇಕು ಎಂದರೆ ನಾನು ನೀರು ಎನ್ನುತ್ತೇನೆ. ದೇವರಾಯನದುರ್ಗದ ಬೆಟ್ಟದಲ್ಲಿ ಶಿಂಷಾ, ಜಯಮಂಗಲಿ ಹುಟ್ಟುತ್ತವೆ, ಅದರ ಪಕ್ಕದಲ್ಲೇ ಇರುವ ನಾವು ಕುಡಿಯುವುದು ಬೋರ್‌ವೆಲ್ ನೀರು. ಪಾವಗಡ, ಶಿರಾ, ಮಧುಗಿರಿ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ನಮ್ಮ ಹೋಬಳಿಯ ಒಂದೊಂದು ಬೋರ್‌ವೆಲ್‌ನಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಯಾರೂ ಫಲಕ ಹಾಕಿ ಬರೆದಿಲ್ಲ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಟ್ಟ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಸೊಂಟ, ಮಂಡಿ ಬಿಗಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ, ಪರೀಕ್ಷೆಯ ಫಲಿತಾಂಶ ಸಾರ್ವಜನಿಕ ಪೋರ್ಟಲ್‌ನಲ್ಲಿ ಊರುವಾರು ಸಿಗುತ್ತದೆ. ಪರಿಸರ ವಿಜ್ಞಾನ, ಜೀವರಸಾಯನ ಓದುವವರು ಆ ಫಲಿತಾಂಶವನ್ನೂ ಗ್ರಂಥಾಲಯದ ಲೇಖನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರ್ಥಶಾಸ್ತ್ರ, ಸಮಾಜಕಾರ್ಯದವರು ನೀರಿಗೂ ಆಸ್ಪತ್ರೆಗೂ ಮನೆಗಳು ಮಾಡುವ ಖರ್ಚು ನೋಡಿ. ನಿಮ್ಮ ಎರಡನೇ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕಲು ಅಂತರ್ಜಾಲದಲ್ಲಿ ಅಲೆಯಬೇಕಿಲ್ಲ.

ಬರೆದದ್ದನ್ನು ಇಂಗ್ಲಿಷಿನಲ್ಲಿ ಬೈಂಡ್ ಮಾಡಿಸಿ ವಿಭಾಗಕ್ಕೆ ಒಪ್ಪಿಸಿದರೆ ನಿಮಗೆ ಅಂಕ ಬರುತ್ತದೆ. ಅದರ ಜೊತೆಗೆ ಕನ್ನಡದಲ್ಲಿ ಒಂದೇ ಪುಟ ಬರೆಯಿರಿ. ಪ್ರಶ್ನೆ ಏನಿತ್ತು, ಏನು ಸಿಕ್ಕಿತು, ಎಷ್ಟರಮಟ್ಟಿಗೆ ನಂಬಬಹುದು, ಪಂಚಾಯಿತಿ ಏನು ಮಾಡಬಹುದು ಎಂಬಷ್ಟು ಸಾಕು. ಆ ಪುಟ ನಮ್ಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಬರಲಿ, ಪಿಎಚ್‌ಸಿಯ ವೈದ್ಯಾಧಿಕಾರಿಯ ಮೇಜಿಗೆ ಹೋಗಲಿ, ಅಂಗನವಾಡಿ ಟೀಚರ್ ಕೈಗೂ ಒಂದು ಪ್ರತಿ ಸಿಗಲಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರೂ ಆಶಾ ಕಾರ್ಯಕರ್ತೆಯರೂ ಕೂರುತ್ತಾರೆ. ಆ ಸಮಿತಿಗೆ ಸ್ವಂತವಾಗಿ ಖರ್ಚು ಮಾಡಲು ಒಂದಿಷ್ಟು ಹಣವೂ ಬರುತ್ತದೆ. ಅದನ್ನು ಯಾವುದಕ್ಕೆ ಹಾಕಬೇಕು ಎಂದು ತೀರ್ಮಾನಿಸುವಾಗ ಅವರ ಮುಂದೆ ಇವತ್ತು ಯಾವ ಕಾಗದವೂ ಇಲ್ಲ. ಆ ಕಾಗದ ಕೊಡಬಲ್ಲವರು ನೀವು.

ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಹುಟ್ಟಿದಾಗ ಜಿಲ್ಲೆಯ ಮಕ್ಕಳು ಬೆಂಗಳೂರಿಗೆ ಅಲೆಯುವುದು ತಪ್ಪಿತು ಎಂದು ನಮ್ಮ ಹಿರಿಯರು ಸಂತೋಷಪಟ್ಟರು. ಆ ವಿಶ್ವವಿದ್ಯಾನಿಲಯದ ವಿದ್ಯೆ ಜಿಲ್ಲೆಯ ಹಳ್ಳಿಗಳಿಗೆ ಮರಳಿ ಬರಬೇಕು ಎಂದು ಕೇಳುವ ಹಕ್ಕು ನಮಗಿದೆ, ತರುವ ಶಕ್ತಿ ನಿಮಗಿದೆ.

ಮುಂದಿನ ಗ್ರಾಮಸಭೆಯ ದಿನ ಪಂಚಾಯಿತಿ ಫಲಕದಲ್ಲಿ ಬರೆದಿರುತ್ತದೆ. ಅವತ್ತು ಕ್ಲಾಸಿಗೆ ರಜೆ ಹಾಕಿ ಬನ್ನಿ, ಬರುವಾಗ ನಮ್ಮ ನೀರಿನ ಬಗ್ಗೆ ಬರೆದ ಒಂದು ಪುಟ ತನ್ನಿ. ಓದಿ ಹೇಳಲು ಮೈಕು ಕೊಡಿಸುವ ಜವಾಬ್ದಾರಿ ನನ್ನದು.

ಇಂತಿ,
ನಿಮ್ಮ ಹೋಬಳಿಯ ಒಬ್ಬ ನಿವೃತ್ತ ಗ್ರಂಥಪಾಲಕ